ಮಗಳ ಮಾತಿಗಾಗಿ ವೀರಭದ್ರನಿಗೆ ಕಟ್ಟಿದ ಕಾಯಿ

ಭಕ್ತ ಬಂಧುಗಳೇ, ನಿಮ್ಮೆಲ್ಲರ ಒಳಗೆ ಕೂತಿರೋ ಶಿವನಿಗೆ ಈ ಶೈಲಜಾಳ ಶರಣು.

ನನ್ನ ಮಗಳು ಭೂಮಿಕಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹೊರಗಿನವರ ಮುಂದೆ ಮಾತಾಡೋದನ್ನೇ ನಿಲ್ಲಿಸಿಬಿಟ್ಟಳು. ಮೂಗಿಯಲ್ಲ, ಪೆದ್ದಿಯಲ್ಲ. ಮನೆಯಲ್ಲಿ ನನ್ನ ಹತ್ರ, ಅವರಪ್ಪನ ಹತ್ರ ಪಿಸುಮಾತು ಆಡ್ತಿದ್ದಳು. ಹೊಸ್ತಿಲು ದಾಟಿದರೆ ಮುಗೀತು, ತುಟಿಗೆ ಹೊಲಿಗೆ ಹಾಕಿದಂಗೆ. ಕೊನೆಗೆ ಶಾಲೆಗೇ ಹೋಗಲ್ಲ ಅಂತ ಕೂತಳು. ಆ ವರ್ಷ ನಾನು ಪಟ್ಟ ಸಂಕಟ ನನ್ನ ಶತ್ರುವಿಗೂ ಬೇಡ. ಅದರಿಂದ ನಮ್ಮ ಮನೆದೇವರು ವೀರಭದ್ರಸ್ವಾಮಿ ನಮ್ಮನ್ನ ಹೆಂಗೆ ಎತ್ತಿದ ಅನ್ನೋದನ್ನ ನಿಮ್ಮ ಮುಂದೆ ಹೇಳ್ಕೋಬೇಕು ಅಂತ ಬಹಳ ದಿನದಿಂದ ಆಸೆ. ನಾನು ಸಿಟಿ ಬಸ್ಸಿನ ಕಂಡಕ್ಟರ್. ಬಾಯಿ ಜೋರು, ಬರವಣಿಗೆ ಕಮ್ಮಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಬಾಯಿ ಜೋರಾಗಿದ್ದು ಹೆಂಗೆ ಅಂತ ಮೊದಲು ಹೇಳ್ತೀನಿ, ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ನಿಮಗೆ ಅರ್ಥ ಆಗಲ್ಲ. ನಾನು ಹುಟ್ಟಿ ಬೆಳೆದಿದ್ದು ವಿಜಯನಗರದ ಒಂದು ವಠಾರದಲ್ಲಿ. ಎದುರುಬದುರು ಸಾಲುಮನೆ, ಮಧ್ಯೆ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ನಮ್ಮಮ್ಮ ಮನೆಬಿಟ್ಟು ಎಲ್ಲೂ ಕೆಲಸಕ್ಕೆ ಹೋದವಳಲ್ಲ. ಆದರೆ ಅವಳ ಸೆರಗು ಹಿಡ್ಕೊಂಡು ನಾನು ಬೆಳೆದೆ ಅಂದರೆ ಸುಳ್ಳು. ಅವಳಿಗೆ ರುಬ್ಬೋದು, ಒಗೆಯೋದು, ಬಾಣಲೆ ಉಜ್ಜೋದೇ ಆಗ್ತಿತ್ತು. ನನ್ನ ತಲೆ ಬಾಚ್ತಿದ್ದವರು ಎದುರುಮನೆ ಮಾಮಿ. ಮಗ್ಗಿ ಒಪ್ಪಿಸ್ತಿದ್ದದ್ದು ಮೂಲೆಮನೆ ಮೇಷ್ಟ್ರ ಹತ್ರ. ಹೊಡೆತ ತಿನ್ನೋದಾದರೆ ಯಾರ ಕೈಯಲ್ಲಾದರೂ ತಿನ್ನಬಹುದಿತ್ತು, ಊಟವೂ ಹಾಗೇ. ಸಂಜೆ ನೀರು ಬಿಟ್ಟಾಗ ನಲ್ಲಿ ಹತ್ರ ಕೊಡ ಇಡೋಕೆ ದೊಡ್ಡ ದೊಡ್ಡ ಹೆಂಗಸರ ಜೊತೆ ಜಗಳ ಆಡಿದವಳು ನಾನು. ಹಂಗೆ ಬೆಳೆದವಳಿಗೆ ಬಸ್ಸಿನಲ್ಲಿ ಚಿಲ್ಲರೆಗೆ ಕಿತ್ತಾಡೋರು ಯಾವ ಲೆಕ್ಕ?

ಆ ವಠಾರ ಈಗಿಲ್ಲ. ಕೆಡವಿ ಮೇಲಕ್ಕೆ ಕಟ್ಟಿದಾರೆ, ಕೆಳಗೆ ಕಾರು ನಿಲ್ಸೋ ಜಾಗ. ನನ್ನ ಬಸ್ಸು ಆ ಕಡೆ ಹೋದಾಗ ಈಗಲೂ ಕುತ್ತಿಗೆ ತಾನಾಗೇ ಆ ಕಡೆ ತಿರುಗುತ್ತೆ. ನಲ್ಲಿ ಇದ್ದ ಜಾಗದಲ್ಲಿ ವಾಚ್‌ಮನ್ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ.

ಮದುವೆಯಾದ ಮೇಲೆ ಚಂದ್ರಾ ಲೇಔಟಿನಲ್ಲಿ ಸ್ವಲ್ಪ ವರ್ಷ ಇದ್ದು, ಆಮೇಲೆ ಉಲ್ಲಾಳದ ಒಂದು ಲೇಔಟಿಗೆ ಬಾಡಿಗೆಗೆ ಬಂದ್ವಿ. ನಮ್ಮ ಯಜಮಾನರು ರುದ್ರೇಶ್, ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಒಳ್ಳೆ ಮನುಷ್ಯ, ಮಾತು ಮಾತ್ರ ತೂಕ ಹಾಕಿ ಕೊಡ್ತಾರೆ. ನಾವಿದ್ದಿದ್ದು ಮೊದಲನೇ ಮಹಡಿ. ಕೆಳಗೆ ಮನೆ ಓನರ್ ಗಿರಿಜಕ್ಕ, ಹಾವೇರಿ ಕಡೆಯವರು. ಮೋಟರ್ ಹಾಕಿ, ಮೋಟರ್ ಆರಿಸಿ ಅನ್ನೋದು ಬಿಟ್ಟರೆ ಅವರಿಗೂ ನಮಗೂ ಮಾತಿಲ್ಲ. ಆ ರಸ್ತೆಯಲ್ಲಿ ಎಲ್ಲಾ ಮನೆ ಗೇಟಿಗೂ ಚಿಲಕ, ಎಲ್ಲಾ ಬಾಗಿಲಿಗೂ ಗ್ರಿಲ್ಲು.

ಅಷ್ಟರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು. ನನಗೆ ಡ್ಯೂಟಿ ಕರೆದಾಗೆಲ್ಲ ಹೋಗಲೇಬೇಕಿತ್ತು, ಅವರಿಗೂ ವರ್ಕ್‌ಶಾಪ್ ಶುರುವಾಯ್ತು. ಮಗು ಒಬ್ಬಳೇ. "ಯಾರು ಬೆಲ್ ಮಾಡಿದ್ರೂ ಬಾಗಿಲು ತೆಗೀಬೇಡ ಪುಟ್ಟಿ, ಯಾರು ಕೇಳಿದ್ರೂ ಮಾತಾಡಬೇಡ" ಅಂತ ಹೇಳಿ ಹೋಗ್ತಿದ್ದೆ. ಹೆಣ್ಣುಮಗು, ಇನ್ನೇನು ಹೇಳ್ಲಿ? ಅವಳು ಮಾತು ಕೇಳೋ ಮಗು. ಚೆನ್ನಾಗೇ ಕೇಳಿದಳು.

ಮತ್ತೆ ಶಾಲೆ ಶುರುವಾದಾಗ ಮೊದಮೊದಲು ನಮಗೆ ಗೊತ್ತಾಗಲಿಲ್ಲ. ಒಂಬತ್ತನೇ ಕ್ಲಾಸಿಗೆ ಬಂದಾಗ ಒಬ್ಬರು ಮಿಸ್ ಎಲ್ಲರನ್ನೂ ಎಬ್ಬಿಸಿ ಅವರವರ ಮನೆಯವರ ಬಗ್ಗೆ ನಾಲ್ಕು ಮಾತು ಹೇಳಿ ಅಂದರಂತೆ. ಇವಳು ಎದ್ದು ನಿಂತಳು. ಬಾಯಿ ತೆರೆದಳು, ಸ್ವರ ಬರಲಿಲ್ಲ. ಹಿಂದಿನ ಬೆಂಚಿನವರು ನಕ್ಕರು. ಅಷ್ಟೇ ಆಗಿದ್ದು. ಅವತ್ತಿಂದ ಹಾಜರಿ ಕೂಗಿದರೂ ಕೈ ಎತ್ತೋದು, ಮಾತಿಲ್ಲ. ಊಟದ ಡಬ್ಬಿ ತೆಗೆಯೋಕೂ ಒಬ್ಬಳೇ ಮೂಲೆ ಹುಡುಕೋದು.

ಕ್ಲಾಸ್ ಟೀಚರ್ ನನ್ನ ಕರೆಸಿದರು. ಖಾಕಿ ಅಂಗಿಯಲ್ಲೇ ಹೋದೆ. ಅವರು ನನ್ನ ಮೇಲಿಂದ ಕೆಳಗೆ ನೋಡಿ, "ನೀವು ಬೆಳಗ್ಗೆ ಎಷ್ಟೊತ್ತಿಗೆ ಮನೆ ಬಿಡ್ತೀರ ಮೇಡಂ?" ಅಂದರು.

"ಮೊದಲ ಪಾಳಿ ಇದ್ರೆ ಕತ್ತಲಲ್ಲೇ ಹೊರಡ್ತೀನಿ ಮಿಸ್."

"ಅದೇ ನೋಡಿ. ಮನೇಲಿ ತಾಯಿ ಇರೋ ಮಕ್ಕಳಿಗೆ ಧೈರ್ಯ ಇರುತ್ತೆ."

ಬೇರೆ ಯಾರಾದರೂ ಅಂದಿದ್ದರೆ ಅಲ್ಲೇ ಹೋಲ್ಡಾನ್ ಹೇಳಿ ಇಳಿಸಿಬಿಡ್ತಿದ್ದೆ. ಆದರೆ ಮಗಳು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಬಾಯಿ ಮುಚ್ಚಿಕೊಂಡು ಬಂದೆ. ಮನೆಗೆ ಬಂದರೆ ನಾದಿನಿ ಫೋನಿನಲ್ಲಿ ಅದೇ ರಾಗ. "ಅತ್ತಿಗೆ, ನೀವು ಊರಿಗೆಲ್ಲಾ ಟಿಕೆಟ್ ಕೊಡ್ತೀರ, ಮನೇಲಿ ಮಗು ಒಂಟಿ." ಕೇಳಿ ಕೇಳಿ ನನಗೂ ಅದೇ ನಿಜ ಅನ್ನಿಸೋಕೆ ಶುರುವಾಯ್ತು. ಬಸ್ಸಿನಲ್ಲಿ ತಾಯಿ ಮಗಳು ಒಟ್ಟಿಗೆ ಕೂತು ಕಡಲೆಕಾಯಿ ತಿಂತಾ ಹರಟೆ ಹೊಡೀತಿದ್ದರೆ ನನ್ನ ಕಣ್ಣು ಅಲ್ಲೇ. ಹೊಟ್ಟೆ ಉರಿದುಹೋಗ್ತಿತ್ತು ಕಣ್ರೀ.

ಒಂದು ದಿನ ಬಾಯಿಪಾಠದ ಪರೀಕ್ಷೆ ಇತ್ತು. ಯೂನಿಫಾರಂ ಹಾಕಿಕೊಂಡು, ಶೂ ಲೇಸು ಕಟ್ಟಿಕೊಂಡು, ಮೆಟ್ಟಿಲ ಮೇಲೇ ವಾಂತಿ ಮಾಡಿಕೊಂಡಳು. ಮಾರನೇ ದಿನವೂ ಅದೇ. ಆಮೇಲೆ ಯೂನಿಫಾರಂ ನೋಡಿದರೆ ಸಾಕು, ಕೈಕಾಲು ತಣ್ಣಗಾಗೋದು. ರಾಜಾಜಿನಗರದ ಒಂದು ಆಸ್ಪತ್ರೆಗೆ ಕರಕೊಂಡು ಹೋದೆ. ಚೀಟಿ ಹಿಡಿದು ಸಾಲಿನಲ್ಲಿ ಕೂತು, ಗಂಟಲು ನೋಡಿಸಿ, ಕಿವಿ ನೋಡಿಸಿ, ರಕ್ತ ಕೊಟ್ಟು ಬಂದ್ವಿ. ಎಲ್ಲಾ ಸರಿಯಿದೆ ಅಂದರು. ಇನ್ನೊಬ್ಬ ಡಾಕ್ಟರಮ್ಮನ ಹತ್ರ ಕಳಿಸಿದರು, ಮನಸ್ಸಿನ ವಿಷಯ ನೋಡೋರು. ಅವರು ಸಮಾಧಾನವಾಗಿ ಮಗುವನ್ನ ಕೂರಿಸಿಕೊಂಡು, ಕೊನೆಗೆ ನನಗೆ ಹೇಳಿದರು, "ಬೈಬೇಡಿ, ಬಲವಂತ ಮಾಡಬೇಡಿ. ನಿಧಾನ ಆಗುತ್ತೆ. ನಿಮ್ಮಿಬ್ಬರನ್ನ ಬಿಟ್ಟು ಅವಳು ಯಾರ ಜೊತೆ ಹೊತ್ತು ಕಳೀತಾಳೆ?"

ನಾನು ಯೋಚನೆ ಮಾಡಿದೆ. ಹೇಳೋಕೆ ಒಂದು ಹೆಸರೂ ಬರಲಿಲ್ಲ.

ಶಾಲೆಯ ಹೆಡ್‌ಮಿಸ್ ಕೆಟ್ಟವರಲ್ಲ, ಆದರೆ ಅವರಿಗೂ ನಿಯಮ ಇದೆಯಲ್ಲ. "ಸಂಕ್ರಾಂತಿ ಒಳಗೆ ಬರದೇ ಇದ್ರೆ ಹಾಜರಿ ಸಾಕಾಗಲ್ಲ ಮೇಡಂ. ಟಿ.ಸಿ. ತಗೊಂಡು ಮನೇಲೇ ಕೂರಿಸಿ ಓದಿಸೋದು ಒಳ್ಳೇದು" ಅಂದರು. ಮನೇಲೇ ಕೂರಿಸೋದು! ಒಂದು ಸಲ ಕೂತರೆ ಈ ಮಗು ಮತ್ತೆ ಯಾವತ್ತೂ ಹೊರಗೆ ಬರಲ್ಲ ಅಂತ ನನ್ನ ಕರುಳಿಗೆ ಗೊತ್ತಾಯ್ತು.

ಚಂದ್ರಾ ಲೇಔಟ್ ಕಡೆ ನಮ್ಮ ವೀರಭದ್ರನ ಸಣ್ಣ ಗುಡಿ ಇದೆ. ನಮ್ಮಮ್ಮ ನನ್ನನ್ನ ವಠಾರದಿಂದ ಅಲ್ಲಿಗೆ ನಡೆಸಿಕೊಂಡು ಕರಕೊಂಡು ಹೋಗ್ತಿದ್ದಳು, ದಾರಿಯಲ್ಲಿ ಕಳ್ಳೆಪುರಿ ಕೊಡಿಸಿ. ಅಲ್ಲಿ ಹರಕೆ ಹೊತ್ತವರು ಹಳದಿ ಬಟ್ಟೆಯಲ್ಲಿ ತೆಂಗಿನಕಾಯಿ ಸುತ್ತಿ ಕಂಬಿಗೆ ಕಟ್ಟಿ ಬರ್ತಾರೆ. ಬೇಡಿಕೊಂಡಿದ್ದು ಆದ ಮೇಲೆ ಬಂದು ಬಿಚ್ಚಿ, ಒಡೆಸಿ, ಹರಕೆ ತೀರಿಸೋದು. ನನಗೆ ಈ ಕಂಡಕ್ಟರ್ ಕೆಲಸ ಸಿಗಲಿ ಅಂತಲೂ ನಾನು ಅಲ್ಲೇ ಕಾಯಿ ಕಟ್ಟಿದ್ದೆ.

ಶ್ರಾವಣದ ಒಂದು ಸೋಮವಾರ ಡ್ಯೂಟಿ ಮುಗಿಸಿ ನೇರ ಗುಡಿಗೆ ಹೋದೆ. ಕಾಯಿ ಕಟ್ಟಿದೆ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಂದೆ, "ಸ್ವಾಮಿ, ನನ್ನ ಮಗಳ ಬಾಯಿ ಬಿಡಿಸು. ಅವಳು ನಾಲ್ಕು ಜನರ ಮುಂದೆ ಮಾತಾಡಿದ ದಿನ ನಾನು ಈ ಕೆಲಸ ಬಿಟ್ಟು ಮನೇಲಿ ಕೂರ್ತೀನಿ. ಇದೇ ನನ್ನ ಹರಕೆ." ಬೆಳ್ಳಿ ಕಣ್ಣು, ಮುಡಿಪು ಅಂತ ಎಲ್ಲರೂ ಹರಕೆ ಹೊರ್ತಾರೆ. ನಾನು ನನ್ನ ಬಸ್ಸನ್ನೇ ಹರಕೆಗೆ ಹಾಕಿದೆ. ಯಾರಿಗೂ ಹೇಳಲಿಲ್ಲ, ಮನೆಯವರಿಗೂ ಹೇಳಲಿಲ್ಲ.

ಶ್ರಾವಣ ಹೋಯ್ತು. ಗಣೇಶ ಬಂದ, ಮುಳುಗಿದ. ದಸರಾ, ದೀಪಾವಳಿ ಎಲ್ಲಾ ಆಯ್ತು. ಮಗಳು ಕಿಟಕಿ ಪಕ್ಕ ಕೂತೇ ಇದ್ದಳು. ಕಾರ್ತಿಕ ಸೋಮವಾರ ದೀಪ ಹಚ್ಚೋಕೆ ಹೋದಾಗ ನನಗೆ ತಡೆಯೋಕಾಗಲಿಲ್ಲ. ಗುಡಿಯಲ್ಲಿ ಜನ ಇದ್ದರು, ಇರಲಿ ಅಂತ ಬಾಯಿ ಬಿಟ್ಟೇ ಕೇಳಿದೆ. "ಏನಪ್ಪಾ, ಇಷ್ಟು ದೊಡ್ಡ ಮೀಸೆ ಬಿಟ್ಕೊಂಡು, ಕತ್ತಿ ಹಿಡ್ಕೊಂಡು ನಿಂತಿದೀಯ. ದಕ್ಷನ ಯಜ್ಞವನ್ನೇ ಹಾಳು ಮಾಡಿದವನಿಗೆ ಒಂದು ಮಗುವಿನ ಬಾಯಿ ತೆಗೆಸೋಕಾಗಲ್ವಾ?" ಗುಡಿಯ ಅಯ್ಯನವರು, ವಯಸ್ಸಾದವರು, ಕುಂಕುಮ ಕೊಡ್ತಾ ನಕ್ಕರು. "ಬೈಯಮ್ಮ, ಬೈಯಿ. ನಮ್ಮವನು ಅಂತ ತಾನೇ ಬೈಯೋದು" ಅಂದರು. ನನಗೆ ಅಳು ಬಂತು.

ಆ ದಿನ ಮನೆಗೆ ಬಂದವಳು ಮೇಲೆ ಹತ್ತೋಕೆ ಶಕ್ತಿ ಇಲ್ಲದೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಮೇಲೆ ಹೋಗಿ ಆ ಸಪ್ಪೆ ಮುಖ ನೋಡಿ ಏನು ಹೇಳ್ಲಿ? ಸೆರಗು ಬಾಯಿಗೆ ತುರುಕಿಕೊಂಡು ಅಳ್ತಿದ್ದೆ. ಕೆಳಗಿನ ಬಾಗಿಲು ತೆಗೀತು. ಗಿರಿಜಕ್ಕ.

"ಯಾಕ್ರೀ ಶೈಲಜಾ, ಏನಾತು?" ಅಂದು ಬಂದು ನನ್ನ ಪಕ್ಕದಲ್ಲೇ ಆ ಮೆಟ್ಟಿಲ ಮೇಲೆ ಕೂತರು. ಮೂರು ವರ್ಷದಿಂದ ಮೋಟರಿನ ಮಾತು ಬಿಟ್ಟು ಬೇರೆ ಆಡದವರ ಮುಂದೆ ಎಲ್ಲಾ ಹೇಳಿಬಿಟ್ಟೆ. ಹರಕೆ ಒಂದನ್ನ ಬಿಟ್ಟು. "ನಾನು ನಿಮ್ಮ ಥರ ಮನೇಲಿ ಇದ್ದಿದ್ರೆ ಹಿಂಗಾಗ್ತಿರಲಿಲ್ಲ ಅಕ್ಕ" ಅಂದೆ.

ಗಿರಿಜಕ್ಕ ಜೋರಾಗಿ ನಕ್ಕುಬಿಟ್ಟರು. ನನಗೆ ಸಿಟ್ಟೇ ಬಂತು.

"ನನ್ನ ಮಗನ ಕತಿ ಕೇಳ್ರಿ ಇಲ್ಲೆ. ನಾ ಒಂದು ದಿನಾ ಮನಿ ಬಿಟ್ಟು ಹೋದಾಕಿ ಅಲ್ಲ. ಅಂವ ಕಾಲೇಜಿಗೆ ಹೋಗೂ ತನಕಾ ಅಂಗಡ್ಯಾಗ ಒಂದು ಪೆನ್ನು ಬೇಕಂತ ಕೇಳ್ತಿದ್ದಿಲ್ಲ. ಯಾಕಂದ್ರ ಎಲ್ಲಾ ಮಾತೂ ಅವನ ಪರವಾಗಿ ನಾನ ಆಡ್ತಿದ್ದೆ! ನೆಂಟರು 'ಏನೋ ಓದಾಕತ್ತಿ' ಅಂದ್ರ ನಾನ ಉತ್ರಾ ಕೊಡ್ತಿದ್ದೆ. ಹಾಸ್ಟೆಲಿಗೆ ಹಾಕಿದ ಮ್ಯಾಗ ನಾಕು ಹುಡುಗರ ಕೂಡ ಬಿದ್ದು ಎದ್ದು ಬಾಯಿ ಬಂತು ಅವಂಗ. ತಾಯಿ ಮನ್ಯಾಗಿದ್ರ ಆಗಂಗಿಲ್ರಿ, ಮಂದಿ ಇರಬೇಕು."

ಆಮೇಲೆ ಎದ್ದು ಸೀರೆ ಕೊಡವಿಕೊಂಡರು. "ಸೊಸಿ ಕುಬಸ ಬಂತು. ನಮ್ಮವ್ವ, ಊರ ಮಂದಿ ಎಲ್ಲಾ ಬರ್ತಾರ. ನಾಳಿಯಿಂದ ಕೂಸಿನ್ನ ಕೆಳಗ ಕಳಸ್ರಿ. ನಮಗ ಕೈ ಬೇಕಾಗ್ಯಾವ, ಬಾಯಿ ಬ್ಯಾಡ."

ಕುಬಸ ಅಂದರೆ ಬಸುರಿ ಹೆಂಗಸಿಗೆ ಮಾಡೋ ಸೀಮಂತ, ಆ ಕಡೆಯವರ ಹೆಸರು ಅದು. ಮೇಲೆ ಬಂದು ಪುಟ್ಟಿಗೆ ಹೇಳಿದೆ. "ಮಾತಾಡಬೇಕಾಗಿಲ್ವಂತೆ ಕಣೇ. ಬರೀ ಅವರೆಕಾಯಿ ಸುಲಿಯೋದಂತೆ." ಮುಖ ನೋಡಿದಳು. "ನಿಜವಾಗ್ಲೂ ಮಾತಾಡಬೇಕಾಗಿಲ್ವಾ?" ಅಂದಳು. "ಇಲ್ಲ." ಮಾರನೇ ದಿನ ಹೋದಳು.

ನಾನು ಡ್ಯೂಟಿ ಮುಗಿಸಿ ಬಂದರೆ ಅವಳ ಚಪ್ಪಲಿ ಕೆಳಗಿನ ಬಾಗಿಲಲ್ಲಿ. ಒಳಗೆ ಇಣುಕಿದರೆ ಹಾಲ್ ತುಂಬಾ ಹೆಂಗಸರು ಕಾಲು ಚಾಚಿ ಕೂತಿದಾರೆ, ಮಧ್ಯೆ ಅವರೆಕಾಯಿ ರಾಶಿ, ಹೊಸ ಸೀರೆಗಳ ವಾಸನೆ, ಹುರಿದ ಶೇಂಗಾ ವಾಸನೆ. ಒಬ್ಬರು ಹಾಡೋದು, ಇನ್ನೊಬ್ಬರು ಅವರ ಹಾಡಿಗೆ ನಗೋದು. ನನಗೆ ಒಂದು ಗಳಿಗೆ ನಮ್ಮ ವಠಾರವೇ ಎದ್ದು ಬಂದು ಉಲ್ಲಾಳದಲ್ಲಿ ಕೂತಂಗೆ ಆಯ್ತು. ಬಾಗಿಲಲ್ಲೇ ನಿಂತೆ. ನಮ್ಮಮ್ಮ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು, ಅವತ್ತು ಅವಳು ಬಹಳ ನೆನಪಾದಳು.

ಪುಟ್ಟಿ ಕೂತಿದ್ದು ಗಿರಿಜಕ್ಕನ ತಾಯಿ ನೀಲವ್ವಜ್ಜಿ ಪಕ್ಕ. ಅಜ್ಜಿಗೆ ಬಾಯಿ ತುಂಬಾ ಎಲೆ ಅಡಿಕೆ, ತಲೆ ತುಂಬಾ ಮರೆವು. ಆ ಕಡೆ ಒಂದು ಪದ್ಧತಿ ಇದೆ. ಕುಬಸದಲ್ಲಿ, ಮದುವೆಯಲ್ಲಿ ಮುತ್ತೈದೆಯರು ಗಂಡನ ಹೆಸರನ್ನ ನೇರವಾಗಿ ಹೇಳಲ್ಲ. ಪ್ರಾಸ ಕಟ್ಟಿ, ನಾಲ್ಕು ಸಾಲಿನ ಕೊನೆಯಲ್ಲಿ ಸೇರಿಸಿ ಹೇಳ್ತಾರೆ. ಒಡಪು ಅಂತಾರೆ ಅದಕ್ಕೆ. ಎಲ್ಲರ ಮುಂದೆ ಒಡಪು ಹೇಳದೆ ಯಾರನ್ನೂ ಬಿಡಲ್ಲ. ಅಜ್ಜಿಯೂ ದಿನಾ ತನ್ನ ಒಡಪನ್ನ ಹೇಳಿ ಹೇಳಿ ನೋಡ್ಕೊಳ್ತಿದ್ದರು, ದಿನಾ ಒಂದೊಂದು ಕಡೆ ಮರೀತಿದ್ದರು. ಹೆಂಗಸರು ನಗ್ತಿದ್ದರು, ಅಜ್ಜಿ ಬೈತಿದ್ದರು.

ಮುಂದಿನದನ್ನ ಗಿರಿಜಕ್ಕ ನನಗೆ ಹೇಳಿದ್ದು. ಒಂದು ಮಧ್ಯಾಹ್ನ ಅಜ್ಜಿ "ಹುರಿದ ಶೇಂಗಾ, ಹದವಾದ ಬೆಲ್ಲ" ಅಂತ ಶುರು ಮಾಡಿ ನಿಂತುಬಿಟ್ಟರಂತೆ. "ಮುಂದ ಏನಬೇ? ಹಾಳಾದ್ದು ನೆನಪ ಬರವಲ್ದು." ಯಾರಿಗೂ ನೆನಪಾಗಲಿಲ್ಲ. ಆಗ ಅವರೆಕಾಯಿ ಸುಲೀತಾ, ತಲೆ ಎತ್ತದೆ, ನನ್ನ ಮಗಳು ಹೇಳಿದಳಂತೆ.

"ಉಂಡವರಿಗೆ ಗೊತ್ತು ರುಚಿ, ಕಂಡವರಿಗಲ್ಲ."

ಗಿರಿಜಕ್ಕ ಎಲ್ಲರಿಗೂ ಕಣ್ಣು ಬಿಟ್ಟು, ಯಾರೂ ಏನೂ ಅನ್ನಬೇಡಿ ಅಂತ ಕೈಸನ್ನೆ ಮಾಡಿದರಂತೆ. ಅಜ್ಜಿಗೆ ಅದ್ಯಾವುದರ ಗೊಡವೆಯೂ ಇಲ್ಲ. "ಹಾಂ, ಅದ ನೋಡು! ಚನ್ನಬಸಪ್ಪನವರ ಹೆಸರು ಬಿಟ್ಟು ಬ್ಯಾರೆ ಮಾತು ನನ್ನ ಬಾಯಾಗ ಇಲ್ಲ!" ಅಂತ ಮುಗಿಸಿ, "ನೀ ನನ್ನ ಬಾಜೂಕ ಕುಂದ್ರ ಕೂಸ. ಕುಬಸದ ದಿನ ಮರತ್ರ ನೆನಪ ಮಾಡ. ಇವು ನಗಾಕ ಮಾತ್ರ ಬರ್ತಾವ" ಅಂದರಂತೆ. ಅವತ್ತಿಂದ ನನ್ನ ಮಗಳಿಗೆ ಅದೇ ಕೆಲಸ. ಅಜ್ಜಿ ಮರೆಯೋದು, ಇವಳು ಹೇಳೋದು.

ಇದನ್ನ ಕೇಳಿ ನಾನು ದೇವರ ಮನೆಗೆ ಹೋಗಿ ಅಡ್ಡಬಿದ್ದೆ. ಕೈ ಬೇಕು, ಬಾಯಿ ಬೇಡ ಅಂತ ಗಿರಿಜಕ್ಕನ ಬಾಯಲ್ಲಿ ಆಡಿಸಿದವನು ಯಾರು ಅಂತ ನನಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ.

ಕುಬಸ ಭಾನುವಾರ. ನನಗೆ ರಜೆ ಸಿಗಲಿಲ್ಲ. ಮೊದಲ ಪಾಳಿ ಮುಗಿಸಿ, ಖಾಕಿ ಅಂಗಿಯಲ್ಲೇ, ಬೆವರು ಒರೆಸಿಕೊಂಡು ಬಾಗಿಲಿಗೆ ಬಂದಾಗ ಒಡಪು ನಡೀತಿತ್ತು. ಬಸುರಿ ಹುಡುಗಿ ಹಸಿರು ಸೀರೆ ಉಟ್ಟು ಹೂವಿನ ಮಧ್ಯೆ ಕೂತಿದ್ದಳು. ನೀಲವ್ವಜ್ಜಿ ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು. ಎಲ್ಲರೂ ಹೋ ಅಂದರು. ಆಗ ಯಾರೋ ತಮಾಷೆಗೆ, "ಅಜ್ಜೀಗೆ ಹೇಳಿಕೊಟ್ಟ ಗುರುಮಾತೆಯೂ ಒಂದು ಹೇಳಲಿ" ಅಂದರು.

ಒಳಗೆ ನುಗ್ಗಿ, ಬೇಡ, ಬಿಟ್ಟುಬಿಡಿ ಅನ್ನಬೇಕು ಅಂತ ಹೆಜ್ಜೆ ಇಟ್ಟೆ. ಬಾಗಿಲ ಹತ್ರ ನಿಂತಿದ್ದ ಗಿರಿಜಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದರು. ಗಟ್ಟಿ ಹಿಡಿತ ಅವರದು.

ಇನ್ನೊಬ್ಬರು, "ಲಗ್ನ ಆಗದ ಹುಡುಗಿ, ಯಾರ ಹೆಸರು ಹೇಳಬೇಕ್ರೀ?" ಅಂದರು. ನಗು ಎದ್ದಿತು. ಕೆಟ್ಟ ನಗುವಲ್ಲ ಅದು. ಪುಟ್ಟಿ ಎದ್ದು ನಿಂತಳು. ಲಂಗದ ಅಂಚನ್ನ ಎರಡೂ ಕೈಯಲ್ಲಿ ಹಿಂಡ್ತಿದ್ದಳು. ಅಜ್ಜಿ ಅವಳ ಮಂಡಿ ಮೇಲೆ ತಟ್ಟಿದರು. ವೀರಭದ್ರಾ, ವೀರಭದ್ರಾ ಅಂತ ನಾನು ಒಳಗೇ ಜಪ ಮಾಡ್ತಿದ್ದೆ.

"ಕೋಳಿ ಕೂಗೋ ಮುಂಚೆ ಹೊರಡೋದು ಮೊದಲ್ನೇ ಬಸ್ಸು," ಅಂದಳು. ಸ್ವರ ನಡುಗ್ತಿತ್ತು.

"ಊರನ್ನೆಲ್ಲಾ ಕೆಲಸಕ್ಕೆ ಮುಟ್ಸೋದು ಅವಳ ಮನಸ್ಸು,
ನಿಂತವ್ರಿಗೆ ಜಾಗ ಮಾಡಿಕೊಡೋ ಕಂಡಕ್ಟರಮ್ಮ,
ಶೈಲಜಾ ಅಂತ ಹೆಸರು, ಅವಳೇ ನಮ್ಮಮ್ಮ."

ಅಯ್ಯೋ ಶಿವನೇ! ನನ್ನ ಹೆಸರು. ಶಾಲೆಯಲ್ಲಿ ಮನೆಯವರ ಬಗ್ಗೆ ನಾಲ್ಕು ಮಾತು ಕೇಳಿದಾಗ ಬಾರದ ಸ್ವರ ಅದು. ಹೆಂಗಸರೆಲ್ಲಾ ಒಂದೇ ಸಲ ಕೂಗಿದರು, "ಅವ್ವನ ಹೆಸರು ಹೇಳಿದ್ಲಲೇ!" ಅಂತ. ನೀಲವ್ವಜ್ಜಿ ಎಲೆ ಅಡಿಕೆ ಬಾಯಲ್ಲೇ ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಕೆಂಪು ಮಾಡಿದರು. ಪುಟ್ಟಿಗೆ ನಾನು ಬಾಗಿಲಲ್ಲಿ ನಿಂತಿದ್ದು ಆಗಲೇ ಕಂಡಿದ್ದು. ನಾಚಿಕೊಂಡು ಅಜ್ಜಿ ಬೆನ್ನ ಹಿಂದೆ ಸೇರಿಕೊಂಡಳು. ದಿನಾ ಇಡೀ ಬಸ್ಸಿಗೆ ಕೇಳೋ ಹಂಗೆ ಕೂಗೋ ನನಗೆ ಅವತ್ತು ಗಂಟಲಲ್ಲಿ ಒಂದು ಮಾತೂ ಹೊರಡಲಿಲ್ಲ. ಅತ್ತೆ ಅತ್ತೆ ಅತ್ತೆ.

ಸೋಮವಾರ ಬೆಳಗ್ಗೆ ನಾನು ಡ್ಯೂಟಿಯಲ್ಲಿ. ಗಿರಿಜಕ್ಕ ಅವಳಿಗೆ ಜಡೆ ಹಾಕಿ, ಶಾಲೆ ಗೇಟಿನ ತನಕ ಜೊತೆಗೆ ಹೋಗಿ ಬಿಟ್ಟು ಬಂದರು. ವಾಂತಿ ಬಂತು ಅಂದಳಂತೆ ದಾರಿಯಲ್ಲಿ. "ಬಂದ್ರ ಮಾಡು, ನೀರು ತಂದೇನಿ" ಅಂದರಂತೆ ಗಿರಿಜಕ್ಕ. ಬರಲಿಲ್ಲ.

ಈಗ ನನ್ನ ಹರಕೆಯ ಮಾತು. ದೇವರು ಕೊಟ್ಟಾಯ್ತು, ನಾನು ಕೊಡಬೇಕು. ನಾಲ್ಕು ಜನರ ಮುಂದೆ ಮಾತಾಡಿದ ದಿನ ಕೆಲಸ ಬಿಡ್ತೀನಿ ಅಂತ ಹೇಳಿದ್ದೆನಲ್ಲ. ಆ ವಾರ ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಮುಂದೆ ಇಟ್ಟುಕೊಂಡು ವಿಷಯ ಹೇಳಿದೆ. ರುದ್ರೇಶ್ ತುತ್ತು ಕೈಯಲ್ಲೇ ಹಿಡಿದು ನನ್ನ ನೋಡಿದರು. ಪುಟ್ಟಿ ತಟ್ಟೆ ತಳ್ಳಿ ಎದ್ದಳು.

"ನನ್ನನ್ನ ಕೇಳ್ದೆ ಯಾಕಮ್ಮ ಹರಕೆ ಹೊತ್ತೆ?" ಕೂಗಿದಳು. ನಿಜವಾಗಿಯೂ ಕೂಗಿದಳು, ಪಕ್ಕದ ಮನೆಗೆ ಕೇಳೋ ಹಂಗೆ. "ನಿನ್ನ ಬಸ್ಸಿನ ಬಗ್ಗೆ ತಾನೇ ನಾನು ಹೇಳಿದ್ದು! ನೀನು ಮನೇಲಿ ಕೂತ್ರೆ ನಾನು ಅಷ್ಟು ಜನರ ಮುಂದೆ ಹೇಳಿದ್ದೆಲ್ಲಾ ಸುಳ್ಳಾಗಲ್ವಾ? ಮೊದಲ್ನೇ ಸಲ ಬಾಯಿ ಬಿಟ್ಟು ಸುಳ್ಳು ಹೇಳಿದಂಗೆ ಆಗಲ್ವಾ?"

ರುದ್ರೇಶ್ ನಿಧಾನ ತುತ್ತು ಬಾಯಿಗಿಟ್ಟು, "ಮಗಳು ಸರಿಯಾಗೇ ಕೇಳ್ತಿದಾಳೆ. ಅಯ್ಯನೋರ ಹತ್ರ ಹೋಗಿ ಕೇಳೋಣ" ಅಂದರು.

ಮೂವರೂ ಗುಡಿಗೆ ಹೋದ್ವಿ. ನನಗೆ ಭಯ. ಹರಕೆ ತಪ್ಪಿದರೆ ಕೊಟ್ಟಿದ್ದನ್ನ ಮತ್ತೆ ಕಿತ್ಕೊಂಡುಬಿಟ್ಟರೆ? ಅಯ್ಯನವರು ಎಲ್ಲಾ ಕೇಳಿಸಿಕೊಂಡು ಗಡ್ಡ ಕೆರೆದುಕೊಂಡರು. "ಈ ಕೆಲಸ ಸಿಗಲಿ ಅಂತ ಇದೇ ಕಂಬಿಗೆ ಕಾಯಿ ಕಟ್ಟಿದ್ದು ಯಾರಮ್ಮ?"

"ನಾನೇ ಸ್ವಾಮಿ."

"ಕೊಟ್ಟಿದ್ದು ಯಾರು?"

"ಸ್ವಾಮಿಯೇ."

"ಮತ್ತೆ? ಕೊಟ್ಟಿದ್ದನ್ನ ಬದಲಾಯಿಸಿಕೊಂಡು ವಾಪಸ್ ತಗೊಳ್ಳೋಕೆ ಅವನೇನು ಬಟ್ಟೆ ಅಂಗಡಿ ಇಟ್ಕೊಂಡಿದಾನಾ? ಅವನು ಪ್ರಸಾದ ಅಂತ ಕೊಟ್ಟಿದ್ದು ಅದು. ಪ್ರಸಾದವನ್ನ ತಿರುಗಿ ದೇವರಿಗೆ ಎಡೆ ಇಡ್ತಾರೇನಮ್ಮ? ತಿಳೀದೆ ಹೊತ್ತಿದೀಯ. ಹುಂಡಿಗೆ ತಪ್ಪುಕಾಣಿಕೆ ಹಾಕು, ಕಾಯಿ ಬಿಚ್ಚಿ ಒಡೆಸು. ಸೇವೆ ಮಾಡಲೇಬೇಕು ಅನ್ನಿಸಿದ್ರೆ ನಿನ್ನ ವಾರದ ರಜೆ ದಿನ ಮನೆ ಬಾಗಿಲು ತೆಗೆದಿಡು. ನಿಮ್ಮ ರಸ್ತೇಲಿ ಇನ್ನೆಷ್ಟು ಮಕ್ಕಳು ಕಿಟಕಿ ಪಕ್ಕ ಕೂತಿದಾವೋ ಕರೆದು ಊಟ ಹಾಕು."

ವಯಸ್ಸಾದ ಅಯ್ಯನವರಿಗೆ ಎಲ್ಲಿ ಕೇಳಿಸಲ್ವೋ ಅಂತ ಪುಟ್ಟಿ, "ಆಯ್ತು ತಾತ" ಅಂತ ಜೋರಾಗಿ ಹೇಳಿದಳು. ಅಪರಿಚಿತರಿಗೆ ಉತ್ತರ ಕೊಟ್ಟಿದ್ದನ್ನ ಅವಳೇ ಗಮನಿಸಲಿಲ್ಲ. ಕಾಯಿ ಒಡೆದಾಗ ಸಮವಾಗಿ ಎರಡು ಹೋಳಾಯ್ತು, ಒಳಗೆ ಹೂವಿತ್ತು.

ಅಂದಿನಿಂದ ಇವತ್ತಿನವರೆಗೂ ನನ್ನ ರಜೆ ದಿನ ನಮ್ಮನೆ ಬಾಗಿಲು ಮುಚ್ಚಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋ ಮಕ್ಕಳು ಬರ್ತಾವೆ, ಅಮ್ಮ ಮನೇಲೇ ಇರೋ ಮಕ್ಕಳೂ ಬರ್ತಾವೆ. ಗಿರಿಜಕ್ಕ ರೊಟ್ಟಿ ತಟ್ಟಿ ತರ್ತಾರೆ, ನಾನು ಹುಳಿ ಮಾಡ್ತೀನಿ. ಜಗಳ ಆಡ್ತಾವೆ, ಚಾಡಿ ಹೇಳ್ತಾವೆ, ಗೋಡೆ ಹಾಳು ಮಾಡಿದಾವೆ. ನೀಲವ್ವಜ್ಜಿ ಹೋದ ವರ್ಷ ಶಿವೈಕ್ಯರಾದರು, ಅವರ ಹೆಸರಲ್ಲಿ ಒಂದು ದಿನ ಶೇಂಗಾ ಹೋಳಿಗೆ ಮಾಡ್ತೀವಿ. ಪುಟ್ಟಿ ಈಗ ಕಾಲೇಜು. ಈಗಲೂ ಹೊಸಬರ ಮುಂದೆ ಮೊದಲ ಮಾತಿಗೆ ಸ್ವಲ್ಪ ಹೊತ್ತು ಬೇಕು ಅವಳಿಗೆ, ಇಲ್ಲ ಅನ್ನಲ್ಲ. ಆದರೆ ಆಡ್ತಾಳೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಮಗು ಇದ್ದರೆ, ಕೆಲಸಕ್ಕೆ ಹೋಗೋ ತಾಯಿ ತಾನು ಹೋಗಿದ್ದೇ ತ‍ಪ್ಪು ಅಂತ ಕೊರಗಬೇಡಿ. ಮನೇಲಿರೋ ತಾಯಿ ತಾನೊಬ್ಬಳೇ ಸಾಕು ಅಂದ್ಕೋಬೇಡಿ. ಡಾಕ್ಟರ ಮಾತು ಕೇಳಿ, ದೇವರಿಗೆ ಕೈ ಮುಗೀರಿ, ಕೆಳಗಿನ ಮನೆ ಬಾಗಿಲು ಒಂದು ಸಲ ತಟ್ಟಿ. ಅವನು ಯಾವ ಬಾಗಿಲಿಂದ ಬರ್ತಾನೋ ನಮಗೇನು ಗೊತ್ತು?

ಕೊನೆಗೆ ಒಂದು ಮಾತು ಹೇಳಿ ಮುಗಿಸ್ತೀನಿ. ಆ ವರ್ಷ ಸಂಕ್ರಾಂತಿ ಕಳೆದು, ಶಿವರಾತ್ರಿ ಹತ್ರ ಬಂದಿತ್ತು. ಬಸ್ಸು ನಾಯಂಡಹಳ್ಳಿ ದಾಟ್ತಿತ್ತು, ಕಾಲಿಡೋಕೆ ಜಾಗ ಇಲ್ಲ. ಫೋನ್ ಬಂತು. ನೋಡಿದರೆ ಅದೇ ಕ್ಲಾಸ್ ಟೀಚರ್. ಮತ್ತೆ ವಾಂತಿಯಾ? ಮತ್ತೆ ಹಳೇ ಕತೆಯಾ? ಕಂಬಕ್ಕೆ ಒರಗಿ, "ಹೇಳಿ ಮಿಸ್" ಅಂದೆ.

ಅವರ ಸ್ವರದಲ್ಲಿ ಸಿಟ್ಟಿತ್ತು. "ನೋಡಿ ಮೇಡಂ, ನಿಮ್ಮ ಮಗಳಿಗೆ ಸ್ವಲ್ಪ ಹೇಳಿ. ಪಾಠ ಮಾಡೋವಾಗ ಪಕ್ಕದವಳ ಜೊತೆ ಒಂದೇ ಸಮ ಮಾತು. ಎರಡು ಸಲ ಹೇಳಿದೆ, ಕೇಳಲಿಲ್ಲ. ಇಬ್ಬರನ್ನೂ ಕ್ಲಾಸಿಂದ ಆಚೆ ನಿಲ್ಸಿದೀನಿ. ಅಲ್ಲೂ ಮಾತಾಡ್ತಾ ನಿಂತಿದಾಳೆ."